ಬಾಯ್ಲರ್ ಮುಂದೆ ಕುರ್ಚಿ ಹಾಕಿಕೊಂಡ ಆಪಾ

ಆಪಾರ ಬಲಗಣ್ಣಿನ ಹುಬ್ಬು ಮೂಗಿನ ಕಡೆಗೆ ಕಪ್ಪಗೆ, ಕಿವಿಯ ಕಡೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಇತ್ತು. ಚಿಕ್ಕಂದಿನಲ್ಲಿ ಕಂದೀಲಿನ ಮೇಲೆ ಬಗ್ಗಿ ಓದುವಾಗ ಸುಟ್ಟುಕೊಂಡರಂತೆ. ಆ ಜಾಗದಲ್ಲಿ ಮತ್ತೆ ಹುಟ್ಟಿದ್ದು ಬಿಳಿಗೂದಲು. ಯಾರಾದರೂ ನಂಬಲಾಗದ ಮಾತು ಹೇಳಿದರೆ ಆ ಬಿಳಿ ಅರ್ಧ ಮಾತ್ರ ಮೇಲೇಳುತ್ತಿತ್ತು. ಸಿಂಧನೂರಿನ ಕಾಲೇಜಿನಲ್ಲಿ ಅವರು ನಮಗೆ ಕಂಪ್ಯೂಟರ್ ಕಲಿಸುತ್ತಿದ್ದಾಗ, ತಡವಾಗಿ ಬಂದವರು ನೆಪ ಹೇಳುತ್ತ ಅವರ ಕಣ್ಣು ನೋಡುತ್ತಿರಲಿಲ್ಲ, ಹುಬ್ಬು ನೋಡುತ್ತಿದ್ದರು. ನಾನೂ ಅವರಲ್ಲಿ ಒಬ್ಬಳು. ತುರ್ವಿಹಾಳದ ಬಸ್ಸು ತಪ್ಪಿತೆಂದು ಹೇಳಿದರೆ, "ಬಸ್ ತಪ್ಪಿತೋ, ನಿದ್ದಿ ತಪ್ಪಲಿಲ್ಲೋ?" ಎಂದು ಕೇಳಿ ಒಳಗೆ ಬಿಡುತ್ತಿದ್ದರು.

ಆಪಾ ಎಂದರೆ ಅಕ್ಕ. ಅವರ ಸ್ವಂತ ತಂಗಿ ಕರೆಯುತ್ತಿದ್ದ ಹೆಸರು ಓಣಿಗೆ ಹತ್ತಿ, ಓಣಿಯಿಂದ ಕಾಲೇಜಿಗೆ ಬಂದು, ಕೊನೆಗೆ ಪ್ರಿನ್ಸಿಪಾಲರೂ ಹಾಗೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ. ಆದರೆ ಊರಿನಲ್ಲಿ ಯಾರ ಮನೆಯಲ್ಲಿ ಹೆಣ್ಣಿಗೆ ಸಂಬಂಧ ಬಂದರೂ ವಿಚಾರಿಸಲು ಅವರನ್ನೇ ಕಳಿಸುತ್ತಿದ್ದರು. ಮುಸ್ಲಿಮರ ಮನೆ, ಲಿಂಗಾಯತರ ಮನೆ, ಬೌದ್ಧರ ಮನೆ ಎಂದಿಲ್ಲ. ರಜೆಯ ದಿನ ಕೊಡೆ ಹಿಡಿದು ಬಸ್ಸು ಹತ್ತಿ, ಗಂಡಿನ ಊರಿಗೆ ಹೋಗಿ, ಸಂಜೆಗೆ ಹಿಂದಿರುಗಿ, "ಕೊಡ್ರಿ" ಅಥವಾ "ನಕ್ಕೋ" ಅನ್ನುತ್ತಿದ್ದರು. ನಕ್ಕೋ ಅಂದರೆ ಬೇಡ. ಅದರ ಮೇಲೆ ಮಾತಿಲ್ಲ.

ಸರ್ವರ್ ಒಂದು ತನ್ನ ಬಾಗಿಲಿಗೆ ಬಂದ ಯಂತ್ರವನ್ನು ಹೇಗೆ ಗುರುತಿಸುತ್ತದೆ ಎನ್ನುವ ಪಾಠವನ್ನು ಅವರು ಕಲಿಸಿದ್ದೂ ಆ ಕೆಲಸದಿಂದಲೇ. ಪುಸ್ತಕದಲ್ಲಿ ಸರ್ಟಿಫಿಕೇಟ್ ಸರಪಳಿ ಎಂದು ಎರಡು ಪುಟ ಇತ್ತು. ಯಂತ್ರದ ಸರ್ಟಿಫಿಕೇಟಿಗೆ ಮೇಲಿನವರೊಬ್ಬರ ಸಹಿ, ಆ ಮೇಲಿನವರ ಸರ್ಟಿಫಿಕೇಟಿಗೆ ಅವರಿಗಿಂತ ಮೇಲಿನವರ ಸಹಿ, ಹೀಗೆ ಹೋಗಿ ಕೊನೆಗೆ ಎಲ್ಲರಿಗೂ ಹಿರಿಯ ಮೂಲ ಸರ್ಟಿಫಿಕೇಟ್. ನಮಗೆ ಏನೂ ತಿಳಿಯಲಿಲ್ಲ. ಆಪಾ ಪುಸ್ತಕ ಮುಚ್ಚಿದರು.

"ಗುರುಗುಂಟಾದಿಂದ ಒಂದ್ ಸಂಬಂಧ ಬಂದಿತ್ತು," ಎಂದರು. "ನಡುವಿನ ಮನುಷ್ಯ ಹೇಳಿದ, ಹುಡುಗನ ಮನ್ಯಾಗ ಎಮ್ಮಿ ಅದಾವು, ಹೊಲ ಐತಿ, ಬೇಕಂದ್ರ ಅವರ ಬಾಜೂ ಮನಿಯವರನ್ನ ಕೇಳ್ರಿ ಅಂತ. ನಾ ಹೋದೆ. ಅಂಗಳ ತುಂಬ ಎಮ್ಮಿ. ಬಾಜೂ ಮನಿಯವರು ಭಾಳ ಛಲೋ ಹುಡುಗ ಅಂದ್ರು. ಚಾ ಕುಡದೆ, ಹೊರಗ ಬಂದೆ. ಈಗ ಹೇಳ್ರಿ, ವಿಚಾರಣಿ ಆತೇನು?"

ಆತ್ರಿ ಎಂದೆವು.

"ಏನ್ ಆತು, ಮಣ್ಣು! ಬಾಜೂ ಮನಿಯವರನ್ನ ತೋರಿಸಿದಾವ ಯಾರು? ಅವನ. ನಾ ಅಲ್ಲಿಂದ ಸೀದಾ ದನದ ದವಾಖಾನಿಗೆ ಹೋದೆ. ಅಲ್ಲಿ ಸೂಜಿ ಚುಚ್ಚಾವ ನನಗ ಮೊದಲಿಂದ ಗೊತ್ತು, ನಮ್ಮ ಹಳೇ ಓಣಿಯಾವ. ಅವನಿಗೆ ಕೇಳಿದೆ. ಆ ಮನ್ಯಾಗ ಒಂದ್ ಕರುನೂ ಇಲ್ರಿ ಆಪಾ, ನಾ ಎಂದೂ ಅಲ್ಲಿ ಸೂಜಿ ಮಾಡಿಲ್ಲ ಅಂದ. ಎಮ್ಮಿ ಅವತ್ತಿನ ಮಟ್ಟಿಗೆ ಕಡಾ ತಂದು ಕಟ್ಟಿದ್ರು."

ಇಡೀ ಕ್ಲಾಸು ನಕ್ಕಿತು. ಆಪಾ ನಗಲಿಲ್ಲ. "ಬಂದಾವ ತನ್ನ ಸಾಕ್ಷಿ ತಾನ ತಂದ್ರ ಅದು ಸಾಕ್ಷಿ ಅಲ್ಲ, ಅವನ ಜೋಡಿ ಬಂದ ಇನ್ನೊಬ್ಬ. ಸರಪಳಿ ಎಷ್ಟರ ಉದ್ದ ಇರಲಿ, ಕೊನೀ ಕೊಂಡಿ ನಿನಗ ಅವನು ಬರೋಕಿಂತ ಮೊದಲ ಗೊತ್ತಿರಬೇಕು. ಸರ್ವರ್‌ನ್ಯಾಗ ನಂಬಿಗಸ್ಥರ ಫೈಲ್ ಅಂತ ಒಂದ್ ಇರತೈತಿ. ಅದರಾಗ ಯಾರನ್ನ ಕೂಡಿಸ್ತೀ ಅನ್ನೋದ ಎಲ್ಲಾ. ಉಳಿದದ್ದು ಬರೇ ಲೆಕ್ಕ."

ಪರೀಕ್ಷೆಯಲ್ಲಿ ನಾನು ಇದನ್ನು ಬರೆದು ಪಾಸಾದೆ. ಅದರ ಅರ್ಥ ತಿಳಿದದ್ದು ಕಳೆದ ವರ್ಷ.

ಕಾಲೇಜು ಮುಚ್ಚಿದ ಮೇಲೆ ಆಪಾ ಒಬ್ಬ ಸಾಹುಕಾರರ ರೈಸ್ ಮಿಲ್ಲಿಗೆ ಸೇರಿದರು. ಸಾಹುಕಾರರಿಗೆ ಸಿಂಧನೂರಿನಲ್ಲಿ ಒಂದು, ಮಸ್ಕಿಯಲ್ಲಿ ಒಂದು ಅಕ್ಕಿ ಮಿಲ್ಲು, ಲಿಂಗಸೂಗೂರಿನಲ್ಲಿ ಹತ್ತಿ ಜಿನ್ನಿಂಗ್. ಕುಸುಬಲಕ್ಕಿ ಮಾಡಲು ಭತ್ತ ಬೇಯಿಸಬೇಕು, ಬೇಯಿಸಲು ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು. ಭತ್ತದ ಹೊಟ್ಟು ಉರಿಸುವ ದೊಡ್ಡ ಬಾಯ್ಲರುಗಳು. ಅವುಗಳಿಗೆ ಪೆಟ್ಟಿಗೆಗಳನ್ನು ಕೂಡಿಸಿ ಎಲ್ಲವನ್ನೂ ಒಂದೇ ಕಡೆಯಿಂದ ನೋಡುವ ವ್ಯವಸ್ಥೆ ಮಾಡಿಸಿದರು. ಸಿಂಧನೂರಿನ ಮಿಲ್ಲಿನ ಮೇಲಂತಸ್ತಿನ ಕೋಣೆಯಲ್ಲಿ ಸರ್ವರ್ ಕೂತಿತು. ಅದರ ಪಕ್ಕ ಆಪಾ ಕೂತರು. ಆಮೇಲೆ ನನ್ನನ್ನು ಕರೆಸಿಕೊಂಡರು.

ಆ ವ್ಯವಸ್ಥೆಯನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ನಡೆಯಿತು. ಪ್ರತಿ ಬಾಯ್ಲರಿಗೆ ಎರಡು ಪೆಟ್ಟಿಗೆ. ಒಂದು ಒಳಗಿನ ನೀರಿನ ಮಟ್ಟ ಅಳೆದು ಸರ್ವರಿಗೆ ಹೇಳುತ್ತದೆ. ಇನ್ನೊಂದು ಸರ್ವರ್ ಹೇಳಿದಂತೆ ನೀರಿನ ಪಂಪ್ ನಡೆಸುತ್ತದೆ. ಮಟ್ಟ ಅರ್ಧಕ್ಕಿಂತ ಕೆಳಗಿಳಿದರೆ ಪಂಪ್ ಚಾಲೂ, ಮೇಲೇರಿದರೆ ಬಂದ್. ಸರ್ವರ್ ಸತ್ತುಹೋದರೆ ಬಾಯ್ಲರ್ ಒಣಗಬಾರದೆಂದು ಪಂಪ್ ತಾನೇ ಚಾಲೂ ಆಗುತ್ತದೆ. ಒಂದೊಂದು ಪೆಟ್ಟಿಗೆಗೂ ಒಂದು ಹೆಸರು, ಒಂದು ಸರ್ಟಿಫಿಕೇಟು. ಎಲ್ಲದರ ಸರಪಳಿ ಆಪಾ ತಾವೇ ತಯಾರಿಸಿದ ಮೂಲ ಸರ್ಟಿಫಿಕೇಟಿನಲ್ಲಿ ಕೊನೆಯಾಗುತ್ತಿತ್ತು. ನಂಬಿಗಸ್ಥರ ಫೈಲಿನಲ್ಲಿ ಅದೊಂದೇ ಇತ್ತು. ಬೇರೆ ಯಾವ ಸರಪಳಿ ತಂದರೂ ಸರ್ವರ್ ಬಾಗಿಲು ತೆಗೆಯುತ್ತಿರಲಿಲ್ಲ.

ವ್ಯವಸ್ಥೆ ಬಂದ ಮೇಲೆ ಬಾಯ್ಲರ್ ಮುಂದೆ ಯಾರೂ ಸದಾ ನಿಲ್ಲಬೇಕಿರಲಿಲ್ಲ. ಬೆಂಕಿ, ನೀರು ನೋಡಿಕೊಳ್ಳುವ ಫೈರ್‌ಮನ್‌ಗೆ ಸಾಹುಕಾರರು ಹೊಟ್ಟು ಸಾಗಿಸುವ ಕೆಲಸವನ್ನೂ ಹಚ್ಚಿದರು. ಅಪಾಯದ ಸೈರನ್ ಕೂಡ ಸರ್ವರಿನ ಮಾತಿಗೇ ಕೂಗುವಂತೆ ಮಾಡಿದರು. ಅವತ್ತು ಆಪಾರ ಬಿಳಿ ಹುಬ್ಬು ಎದ್ದಿತ್ತು. "ಇಷ್ಟು ನಂಬಬಾರದು," ಎಂದಿದ್ದರು. "ನಾನ ಮಾಡೀನಿ ಅಂತ ಹೇಳಾಕತ್ತೀನಿ."

ಮಧ್ಯಾಹ್ನದ ಊಟವನ್ನು ಅವರು ಮೇಲೆ ಮಾಡುತ್ತಿರಲಿಲ್ಲ. ಬಾಯ್ಲರ್ ಮನೆಯ ಗೋಡೆಗೆ ಹತ್ತಿಕೊಂಡೇ ಬೇಯಿಸಿದ ಭತ್ತ ಒಣಗಿಸುವ ಸಿಮೆಂಟಿನ ಕಣ. ಅಲ್ಲಿ ಕಾಲಿನಿಂದ ಭತ್ತ ಕೆದರುವ ಹೆಂಗಸರ ಜೊತೆ ಕೂರುತ್ತಿದ್ದರು. ದಢೇಸುಗೂರಿನ ಒಬ್ಬ ಹಿರಿಯಾಕೆ ಅವರಿಗೆ ಜೋಡಿ. ಆಕೆಯ ಪುಂಡಿಪಲ್ಲೆ ಇವರಿಗೆ, ಇವರ ಖಾರಬ್ಯಾಳಿ ಆಕೆಗೆ. "ಆಪಾ, ನೀವು ಮ್ಯಾಲ ಕುಂತು ದಿನಾ ಏನ್ ಕಾಯ್ತೀರಿ?" ಎಂದು ಆಕೆ ಕೇಳುವಳು. "ಬಾಗಿಲ," ಅನ್ನುವರು ಇವರು. "ಅಯ್ಯ, ಬಾಗಿಲ ಕಾಯಾಕ ಇಷ್ಟ್ ಓದಬೇಕೇನು? ನಮ್ಮ ನಾಯಿ ಕಾಯ್ತೈತಿ." ಇಬ್ಬರೂ ನಗುತ್ತಿದ್ದರು. ಅವರ ಆ ನಗು ಮೇಲಿನ ಕಿಟಕಿಯವರೆಗೆ ಕೇಳುತ್ತಿತ್ತು.

ಮಸ್ಕಿ ಮಿಲ್ಲನ್ನು ಸಾಹುಕಾರರು ಮಗಳ ಗಂಡನಾದ ಅಳಿಯಂದಿರಿಗೆ ಒಪ್ಪಿಸಿದ ಮೇಲೆ ಗಾಳಿ ಬದಲಾಯಿತು. ಅಳಿಯಂದಿರು ಹೊರಗಿನ ಒಂದು ಕಂಪನಿಯ ಪೆಟ್ಟಿಗೆಗಳನ್ನು ತರಿಸಿದರು. ಅವಕ್ಕೆ ಆ ಕಂಪನಿಯದೇ ಸರ್ಟಿಫಿಕೇಟುಗಳು. ನಮ್ಮ ಸರ್ವರ್ ಅವನ್ನು ಹೊರಗೇ ನಿಲ್ಲಿಸಿತು: ಸಹಿ ಮಾಡಿದವರ ಪರಿಚಯವಿಲ್ಲ.

ಆಪಾ ಫೋನಿನಲ್ಲಿ ಹೇಳಿದರು, "ನಿಮ್ಮ ಪೆಟಿಗಿಗೆ ನಾ ಸಹಿ ಮಾಡಿ ಕೊಡ್ತೀನ್ರಿ, ಅದನ್ನ ಹಾಕ್ರಿ." ಕಂಪನಿಯ ಸರ್ವಿಸ್ ಮನುಷ್ಯ ಅದು ಸಾಧ್ಯವಿಲ್ಲ ಎಂದ. ಸರಪಳಿ ಪೂರ್ತಿ ಕಳಿಸಿದ್ದೇವೆ, ಮೂಲ ಸರ್ಟಿಫಿಕೇಟೂ ಜೊತೆಗೇ ಇದೆ, ಅದನ್ನು ನಿಮ್ಮ ಫೈಲಿಗೆ ಸೇರಿಸಿಕೊಂಡರೆ ಮುಗಿಯಿತು ಎಂದ.

"ಎಮ್ಮಿ ಕಟ್ಯಾರ," ಎಂದರು ಆಪಾ, ಫೋನಿಟ್ಟು.

ಮರುದಿನ ಅಳಿಯಂದಿರು ತಾವೇ ಬಂದರು. ಕೋಣೆಯ ಬಾಗಿಲಲ್ಲಿ ನಿಂತು, "ಏನ್ರಿ, ನಮ್ಮ ಕಡೆ ಮನುಷ್ಯಾ ಅಂದ್ರ ನಿಮ್ಮ ಮಷೀನಿಗೆ ಕಿಮ್ಮತ್ತಿಲ್ಲೇನು? ನಾ ತಂದಾವನ್ನ ಬಾಗಿಲಾಗ ನಿಂದರಸಿ ನೀ ಯಾರಂತ ಕೇಳೋದಂದ್ರ ನನ್ನ ಕೇಳಿದಂಗ," ಎಂದರು.

"ನಿಮ್ಮನ್ನ ಕೇಳಾಕತ್ತಿಲ್ರಿ. ನಿಮ್ಮನ್ನ ಮಷೀನಿಗೆ ಗೊತ್ತ ಇಲ್ಲ," ಎಂದರು ಆಪಾ.

ಅದು ನಿಜವಾದ ಮಾತು, ಆದರೆ ಅಳಿಯನಿಗೆ ಹೇಳುವಂಥದ್ದಲ್ಲ. ಅವರು ಮಾವನ ಮನೆಯಲ್ಲಿ ಹಾಕಿದ್ದ ಎಲೆ ಬಿಟ್ಟು, ಕೈ ತೊಳೆಯದೆ ಮಸ್ಕಿಗೆ ಹೋದರು. ಸಾಹುಕಾರರ ಮಗಳು ಆಗ ಬಸುರಿ, ತವರಿನಲ್ಲಿದ್ದಳು. ಅಳಿಯ ಊಟ ಬಿಟ್ಟು ಹೋದ ಸುದ್ದಿ ಸಂಜೆಯೊಳಗೆ ಮೂರೂ ಊರಿನ ಬೀಗರಿಗೆ ತಲುಪಿತು. ಸಾಹುಕಾರರು ಸರ್ವರ್ ಕೋಣೆಗೆ ಬಂದರು. ಕೂತುಕೊಳ್ಳಲಿಲ್ಲ.

"ಆಪಾ, ನನ್ನ ಮಗಳ ಮಾರಿ ನೋಡ್ರಿ. ಅಳಿಯಂದ್ರು ಫೋನ್ ಎತ್ತವಲ್ರು. ಅದೇನೋ ಫೈಲಿಗೆ ಸೇರಸ್ರಿ. ನಮ್ಮ ಮನಿ ಮನುಷ್ಯಾರನ್ನ ನಾವ ನಂಬಲಿಲ್ಲಂದ್ರ ಹೆಂಗ?"

ಆಪಾ ಸಮಾಧಾನದಿಂದ ತಿಳಿಸಿದರು. ಆ ಮೂಲ ಸರ್ಟಿಫಿಕೇಟನ್ನು ಸೇರಿಸಿದರೆ ಅಳಿಯಂದಿರ ಪೆಟ್ಟಿಗೆಗಳಷ್ಟೇ ಒಳಗೆ ಬರುವುದಿಲ್ಲ. ಆ ಕಂಪನಿ ದೇಶದಲ್ಲಿ ಎಲ್ಲೆಲ್ಲಿ ಯಾರಿಗೆ ಸಹಿ ಹಾಕಿಕೊಟ್ಟಿದೆಯೋ ಅವರೆಲ್ಲರಿಗೂ ನಮ್ಮ ಬಾಗಿಲು ತೆರೆದಂತೆ. ಮಸ್ಕಿಗೆ ಬೇರೆಯೇ ಒಂದು ಬಾಗಿಲು ಮಾಡಿಕೊಡುತ್ತೇನೆ, ಅದಕ್ಕೆ ಬೇರೆ ಫೈಲು. ಸ್ವಲ್ಪ ದಿನ ಕೊಡಿ ಎಂದರು.

"ಇವತ್ತ ಆಗಬೇಕ್ರಿ," ಎಂದರು ಸಾಹುಕಾರರು. ಅಷ್ಟೇ ಅಂದು, ವಯಸ್ಸಿನಲ್ಲಿ ಹಿರಿಯರಾದ ಅವರು ಆಪಾರಿಗೆ ಕೈ ಮುಗಿದರು.

ನಾನು ಆಪಾರ ಹುಬ್ಬು ನೋಡಿದೆ. ಎರಡೂ ಅರ್ಧ ಇಳಿದುಹೋಗಿದ್ದವು. ಸಾಹುಕಾರರ ಮಗಳೂ ಒಂದು ಕಾಲಕ್ಕೆ ಅವರ ವಿದ್ಯಾರ್ಥಿನಿ. ಆ ಸಂಬಂಧಕ್ಕೆ ವಿಚಾರಿಸಿ "ಕೊಡ್ರಿ" ಅಂದವರೂ ಅವರೇ. ಅವರು ಕೀಬೋರ್ಡ್ ಹತ್ತಿರ ಎಳೆದುಕೊಂಡು, ನಂಬಿಗಸ್ಥರ ಫೈಲಿನಲ್ಲಿ ತಮ್ಮದರ ಕೆಳಗೆ ಆ ಕಂಪನಿಯದನ್ನು ಸೇರಿಸಿದರು. ಮಸ್ಕಿಯ ಪೆಟ್ಟಿಗೆಗಳು ಒಂದೊಂದಾಗಿ ಹಸಿರಾದವು. ಸಾಹುಕಾರರು ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದರು.

ಅವರು ಹೋದ ಮೇಲೆ ಆಪಾ ಕೀಬೋರ್ಡನ್ನು ನನ್ನ ಕಡೆ ಸರಿಸಿದರು. ಆಮೇಲೆ ನನಗೆ ಹೇಳಿದರು: "ಬೇಟಿ, ಮಸ್ಕಿಗೆ ಬ್ಯಾರೆ ಬಾಗಿಲ ಮಾಡೋ ಕೆಲಸ ನೀ ಹಿಡಿ. ತಪ್ಪಿಲ್ದಂಗ ಮಾಡು, ಗಡಿಬಿಡಿ ಬ್ಯಾಡ. ಅಲ್ಲೀತನಕ ಈ ಪರದಿ ಏನ್ ಹೇಳಿದ್ರೂ ನಂಬಬ್ಯಾಡ."

"ನೀವ್ ಎಲ್ಲಿಗ್ರಿ?"

"ಕೆಳಗ."

ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಕೆಳಗಿಳಿದು, ಬಾಯ್ಲರ್ ಮುಂದೆ ಹಾಕಿಕೊಂಡು ಕೂತರು. ಬಾಯ್ಲರಿನ ಎದೆಯ ಮೇಲೆ ಒಂದು ಗಾಜಿನ ಕೊಳವೆ ಇರುತ್ತದೆ, ಒಳಗಿನ ನೀರು ಅದರಲ್ಲಿ ಕಾಣುತ್ತದೆ. ಅದನ್ನೇ ನೋಡುತ್ತ ಕೂತರು. ಮಂಡಿನೋವಿನ ಹೆಂಗಸು, ಆ ಸೆಕೆಯಲ್ಲಿ, ದುಪಟ್ಟಾದಿಂದ ಮುಖ ಒರೆಸಿಕೊಳ್ಳುತ್ತ. ಹೊಟ್ಟು ಹೊರುವವರು ತಮಾಷೆ ಮಾಡಿದರು: "ಆಪಾ, ಯಾವ ಸೀರಿಯಲ್ ನಡದೈತ್ರಿ?" "ಇನ್ನೂ ಸುರು ಆಗಿಲ್ಲ," ಎನ್ನುವರು ಆಪಾ. "ಸುರು ಆಗದಿರಲಿ ಅಂತ ಕುಂತೀನಿ." ಹೀಗೆ ಒಂದೆರಡು ದಿನ ಕಳೆಯಿತು. ನಾನು ಮೇಲೆ ಹೊಸ ಬಾಗಿಲಿನ ಕೆಲಸದಲ್ಲಿದ್ದೆ. ಎಲ್ಲ ಹಸಿರಾಗಿತ್ತು. ಆ ಹಸಿರು ಈಗ ಕನಸಿನಲ್ಲಿ ಬಂದರೂ ಎದ್ದು ಕೂರುತ್ತೇನೆ.

ಅವತ್ತು ಮಧ್ಯಾಹ್ನದ ನಮಾಜಿಗೆಂದು ಆಪಾ ಎದ್ದರು. ಗಾಜು ನೋಡುತ್ತಿರು ಎಂದು ಫೈರ್‌ಮನ್‌ಗೆ ಹೇಳಿಹೋದರು. ಅಷ್ಟರಲ್ಲಿ ಹೊಟ್ಟಿನ ಬೆಲ್ಟು ಸಿಕ್ಕಿಹಾಕಿಕೊಂಡಿತೆಂದು ಅವನನ್ನು ಹಿಂದಕ್ಕೆ ಕರೆದರು. ಆಪಾ ಮರಳಿ ಬಂದಾಗ ಅವನೂ ಆಗಷ್ಟೇ ಬಂದಿದ್ದ. ನನ್ನ ಫೋನು ರಿಂಗಾಯಿತು.

"ಮ್ಯಾಲ ನೀರು ಎಷ್ಟ್ ತೋರಸತೈತಿ?"

"ತುಂಬೈತ್ರಿ ಆಪಾ. ತೊಂಬತ್ತರ ಹತ್ರ. ಪಂಪ್ ಬಂದ್ ಐತಿ."

"ಗಾಜಿನ್ಯಾಗ ಗೆರಿ ಕಾಣವಲ್ದು."

ಗಾಜು ಪೂರ್ತಿ ತುಂಬಿದರೂ ಗೆರೆ ಕಾಣುವುದಿಲ್ಲ, ಪೂರ್ತಿ ಬರಿದಾದರೂ ಕಾಣುವುದಿಲ್ಲ. ಎರಡೂ ನೋಡಲು ಒಂದೇ. ಫೋನಿನಲ್ಲಿ ಫೈರ್‌ಮನ್‌ನ ದನಿ ಕೇಳಿಸಿತು: "ತುಂಬೇತ್ರಿ ಆಪಾ, ಮ್ಯಾಲ ಮಷೀನ ಹೇಳಾಕತ್ತೈತಲ್ಲ."

"ಮಷೀನಿಗೆ ಯಾರ್ ಹೇಳ್ಯಾರ?" ಎಂದರು ಆಪಾ. ಗಾಜಿನ ಬುಡದಲ್ಲಿ ಒಂದು ಸಣ್ಣ ನಲ್ಲಿ ಇರುತ್ತದೆ. ಅದನ್ನು ತಿರುವಿದ ಸದ್ದು ಬಂತು. ನೀರಿದ್ದರೆ ನೀರು ಸುರಿಯಬೇಕು. ನನಗೆ ಕೇಳಿಸಿದ್ದು ಒಣ ಹಬೆಯ ಸೀಳುದನಿ ಮಾತ್ರ.

ಕೆಳಗೆ ಬೆಂಕಿ, ಒಳಗೆ ನೀರಿಲ್ಲ, ಕೊಳವೆಗಳು ಕೆಂಪಗೆ ಕಾದಿವೆ. ಆ ಹೊತ್ತಿನಲ್ಲಿ ಒಂದು ಕೆಲಸ ಮಾತ್ರ ಮಾಡಬಾರದು: ತಣ್ಣೀರು ಬಿಡಬಾರದು. ಬಿಟ್ಟರೆ ಬಾಯ್ಲರ್ ಒಡೆದು, ಗೋಡೆಯನ್ನು ಹೊತ್ತುಕೊಂಡು ಕಣದ ಮೇಲೆ ಬೀಳುತ್ತದೆ. ಕಣದಲ್ಲಿ ಹೆಂಗಸರು ಭತ್ತ ಕೆದರುತ್ತಿದ್ದರು. ಕಿಟಕಿಯಿಂದ ನನಗೆ ಕಾಣುತ್ತಿದ್ದರು.

"ಪಂಪ್ ಮುಟ್ಟಬ್ಯಾಡ. ಸರ್ವರ್ ಮುಟ್ಟಬ್ಯಾಡ," ಎಂದರು ಆಪಾ. ಆಮೇಲೆ ಫೈರ್‌ಮನ್‌ಗೆ, "ಹೊಟ್ಟು ಬಂದ್ ಮಾಡು, ಫ್ಯಾನ್ ಬಂದ್ ಮಾಡು, ಪಂಪಿನ ಮೇನ್ ಸ್ವಿಚ್ ಎಳಿ," ಎಂದರು.

ಅಷ್ಟರಲ್ಲಿ ನಾನು ಪರದೆಯಲ್ಲಿ ಹುಡುಕಿದ್ದೆ. ಬಾಯ್ಲರ್ ಒಂದರ ನೀರು ಹೇಳುತ್ತಿದ್ದ ಪೆಟ್ಟಿಗೆ ನಮ್ಮದಾಗಿರಲಿಲ್ಲ. ಹೆಸರು ಅದೇ, ಸರಪಳಿ ಬೇರೆ. ಅದು ಹೋಗಿ ಕೊನೆಯಾಗುತ್ತಿದ್ದದ್ದು ಅಳಿಯಂದಿರ ಕಂಪನಿಯಲ್ಲಿ. ಎಲ್ಲೋ, ಯಾವುದೋ ಊರಿನ ಯಾವುದೋ ಬಾಯ್ಲರು ತನ್ನ ನೀರನ್ನು ನಮಗೆ ಹೇಳುತ್ತಿತ್ತು. ಅದು ಬಂದು ಬಾಗಿಲು ಬಡಿದಾಗ ನಮ್ಮ ಸರ್ವರ್ ಸರಪಳಿ ನೋಡಿ, ಕೊನೆಯ ಕೊಂಡಿ ಫೈಲಿನಲ್ಲಿ ಇರುವುದನ್ನು ಕಂಡು, ಒಳಗೆ ಕೂರಿಸಿಕೊಂಡು, ಅದೇ ಹೆಸರಿನ ನಮ್ಮ ಹಳೆಯ ಪೆಟ್ಟಿಗೆಯನ್ನು ಹೊರಗೆ ಹಾಕಿತ್ತು. ಅಲ್ಲಿನ ನೀರು ತುಂಬಿತ್ತು, ಆದ್ದರಿಂದ ಇಲ್ಲಿನ ಪಂಪು ನಿಂತಿತ್ತು.

ನಾನು ನೋಡುತ್ತಿದ್ದಂತೆ ಆ ಅಂಕಿ ಇಳಿಯತೊಡಗಿತು. ಅಲ್ಲಿ ಯಾರೋ ಹಬೆ ಬಳಸುತ್ತಿದ್ದರು. ಅರ್ಧಕ್ಕೆ ಇಳಿದರೆ ನಮ್ಮ ಪಂಪ್ ಚಾಲೂ ಆಗುತ್ತದೆ. ಆ ಪೆಟ್ಟಿಗೆಯನ್ನು ಕಿತ್ತುಹಾಕೋಣವೆಂದರೆ ಸರ್ವರನ್ನು ನಿಲ್ಲಿಸಿ ಮತ್ತೆ ನಡೆಸಬೇಕು. ನಿಲ್ಲಿಸಿದರೂ ಪಂಪ್ ತಾನೇ ಚಾಲೂ ಆಗುತ್ತದೆ. ನನ್ನ ಕೈ ಕೀಬೋರ್ಡಿನ ಮೇಲೆ ಇತ್ತು. ಏನು ಒತ್ತಿದರೂ ಅದೇ. ಕೆಳಗಿನ ಗೋಡೆಯ ಸ್ವಿಚ್ಚೊಂದೇ ಉಳಿದ ದಾರಿ.

ಆಪಾ ಕಣಕ್ಕೆ ಓಡಿಬಂದದ್ದು ಕಿಟಕಿಯಲ್ಲಿ ಕಂಡಿತು. "ಗೇಟಿನ ಹೊರಗ ನಡೀರಿ!" ಎಂದು ಕೂಗಿದರು. ಹೆಂಗಸರು ನಕ್ಕರು, ಬಿಸಿಲಿಗೆ ಆಪಾರ ತಲೆ ತಿರುಗಿದೆ ಎಂದುಕೊಂಡರು. ದಢೇಸುಗೂರಿನ ಹಿರಿಯಾಕೆ, "ಭತ್ತ ಬಿಟ್ಟು ಹೋದ್ರ ಮುಕಾದಮ ಬೈತಾನ್ರಿ," ಎಂದು ಕೆದರುತ್ತಲೇ ಇದ್ದಳು. ವಿವರಿಸಲು ಹೊತ್ತಿರಲಿಲ್ಲ. ಆಪಾ ಕಾಲಿನ ಚಪ್ಪಲಿ ತೆಗೆದು ಆಕೆಯ ಬೆನ್ನಿಗೆ ಹೊಡೆದರು. ಒಂದಲ್ಲ, ಎರಡು ಸಲ. ಕೆಟ್ಟ ಮಾತು ಬೈದರು, ಅವರ ಬಾಯಲ್ಲಿ ಎಂದೂ ಕೇಳದ ಮಾತು. ಆಗ ಹೆಂಗಸರು ಬೆಚ್ಚಿ ಗೇಟಿನ ಕಡೆ ಓಡಿದರು.

"ಸ್ವಿಚ್ ಬಿತ್ತೇನು ನೋಡು," ಎಂದರು ಫೋನಿನಲ್ಲಿ, ಏದುಸಿರು.

"ಇಲ್ರಿ ಆಪಾ. ಪಂಪಿಗೆ ಕರೆಂಟ್ ಇನ್ನೂ ಐತಿ. ಮ್ಯಾಲ ಎಪ್ಪತ್ತು ಆತು."

ಅವರು ತಿರುಗಿ ನೋಡಿದರು. ಹೆಂಗಸರ ಹಿಂದೆ, ಗೇಟಿನ ಹೊರಗೆ, ಫೈರ್‌ಮನ್ ನಿಂತಿದ್ದ. ಹೊಟ್ಟು ನಿಲ್ಲಿಸಿ, ಫ್ಯಾನ್ ನಿಲ್ಲಿಸಿ, ಅಲ್ಲಿಗೆ ಅವನ ಧೈರ್ಯ ಮುಗಿದಿತ್ತು. ಅವನನ್ನು ನಾನು ದೂರುವುದಿಲ್ಲ. ಅವನಿಗೆ ಆ ಬಾಯ್ಲರ್ ಏನು ಮಾಡಬಲ್ಲುದೆಂದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಆಪಾ ಅವನನ್ನು ಕರೆಯಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಒಂದು ಬರಿಗಾಲು, ಕಾದ ಸಿಮೆಂಟಿನ ಮೇಲೆ ಬಾಯ್ಲರ್ ಮನೆಯ ಕಡೆ ನಡೆದರು. ಓಡಲಿಲ್ಲ, ಅವರ ಮಂಡಿಗೆ ಅಷ್ಟೇ ಆಗುತ್ತಿತ್ತು.

"ಓದು," ಎಂದರು.

"ಅರವತ್ತಾರ್ರಿ. ಆಪಾ, ಬ್ಯಾಡ್ರಿ, ಹೊರಗ ಬರ್ರಿ."

"ಓದು ಬೇಟಿ. ನಾನ ತಗದ ಬಾಗಿಲದು."

"ಅರವತ್ತು."

ಅವರು ಬಾಗಿಲೊಳಗೆ ಮರೆಯಾದರು. ಆಮೇಲೆ ಫೋನಿನಲ್ಲಿ ಮಾತಿಲ್ಲ, ಉಸಿರು ಮಾತ್ರ, ಮತ್ತು ಕಬ್ಬಿಣ ಹಿಗ್ಗುವ ಟಿಕ್ ಟಿಕ್ ಸದ್ದು. ನಾನು ಓದುತ್ತಿದ್ದೆ. ಐವತ್ತಾರು. ಐವತ್ತೆರಡು. ನನ್ನ ದನಿ ನನಗೇ ಯಾರದೋ ಎನ್ನಿಸಿತು. ಪರದೆಯ ಮೇಲೆ "ಪಂಪ್ ಚಾಲೂ" ಎಂಬ ಹಸಿರು ಸಾಲು ಮೂಡಿತು. ನಾನು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಕಣ್ಣು ತೆರೆದಾಗ ಅದರ ಕೆಳಗೆ ಇನ್ನೊಂದು ಸಾಲು: ಪಂಪಿಗೆ ಕರೆಂಟ್ ಇಲ್ಲ.

"ಎಳದೆ," ಎಂದರು ಆಪಾ.

ಯಾವುದು ಮೊದಲಾಯಿತು, ಅವರ ಕೈಯೋ ಆ ಸಾಲೋ, ಎಷ್ಟು ಬಾರಿ ನೆನೆದರೂ ನನಗೆ ಬಗೆಹರಿದಿಲ್ಲ. ಬಸ್ಸಿನಲ್ಲಿ ಕೂತಾಗ, ಒಲೆಯ ಮುಂದೆ ನಿಂತಾಗ, ಆ ಎರಡು ಸಾಲುಗಳ ನಡುವೆ ಮತ್ತೆ ಸಿಕ್ಕಿಕೊಳ್ಳುತ್ತೇನೆ. ಕೆಲವು ಸಲ ನನ್ನ ನೆನಪಿನಲ್ಲಿ ಎರಡನೆಯ ಸಾಲು ಬರುವುದೇ ಇಲ್ಲ.

ಬಾಯ್ಲರ್ ತಣಿಯಲು ಮರುದಿನದವರೆಗೆ ಹಿಡಿಯಿತು. ತೆರೆದು ನೋಡಿದಾಗ ಒಳಗಿನ ಕೊಳವೆಗಳು ಬೆಂದ ಶ್ಯಾವಿಗೆಯಂತೆ ಜೋತಿದ್ದವು. ಸರ್ವಿಸ್ ಮನುಷ್ಯನಿಗೆ ಫೋನ್ ಮಾಡಿದರೆ ಅವನು ನಗುತ್ತಲೇ ಹೇಳಿದ: ಇನ್ನೊಂದು ಕಡೆ ಪೆಟ್ಟಿಗೆ ಕೂರಿಸುವಾಗ ಹೊಸದಾಗಿ ಬರೆಯುವುದೇಕೆಂದು ಮಸ್ಕಿಯ ಸೆಟ್ಟಿಂಗನ್ನೇ ಹಾಕಿ ಹೆಸರಷ್ಟೇ ಬದಲಿಸಿದ್ದೆ, ಅದರಲ್ಲಿ ನಿಮ್ಮ ಸರ್ವರಿನ ವಿಳಾಸ ಉಳಿದಿರಬೇಕು. "ಬಾಯ್ಲರ್ ಒಂದು" ಎಂಬ ಹೆಸರು ಎಲ್ಲ ಮಿಲ್ಲಿನಲ್ಲೂ ಇರುತ್ತದೆ. ಅಳಿಯಂದಿರು ಆ ಫೋನು ಕೇಳುತ್ತ ನಿಂತಿದ್ದರು. ಆ ಇನ್ನೊಂದು ಮಿಲ್ಲಿನ ಬಾಯ್ಲರಿಗೆ ಅವತ್ತು ಯಾರು ನೀರು ಬಿಟ್ಟರೋ, ಯಾರ ಮಾತಿಗೆ ಬಿಟ್ಟರೋ, ನಾವು ಕೇಳಲಿಲ್ಲ. ಕೇಳಲು ಭಯವಾಯಿತು.

ಆಪಾ ಮೊದಲು ಮಾಡಿದ ಕೆಲಸ, ಫೈಲಿನಿಂದ ಆ ಎರಡನೆಯ ಹೆಸರನ್ನು ತೆಗೆದದ್ದು. ಆಮೇಲೆ ಮಸ್ಕಿಗೆ ಬಸ್ಸಿನಲ್ಲಿ ಹೋಗಿ, ಸಾಧ್ಯವಿಲ್ಲ ಎಂದಿದ್ದ ಪೆಟ್ಟಿಗೆಗಳಿಗೆ ತಮ್ಮ ಸಹಿ ಹಾಕಿ ಬಂದರು. ಅಳಿಯಂದಿರು ತರಿಸಿದ ಚಹಾ ಆರುವುದರೊಳಗೆ ಮುಗಿಯಿತಂತೆ. ಸೈರನ್ನನ್ನು ಸರ್ವರಿನಿಂದ ಬಿಡಿಸಿ ಬಾಯ್ಲರಿಗೇ ಕಟ್ಟಿಸಿದರು. ಸಾಹುಕಾರರಿಗೆ ಒಂದೇ ಮಾತು ಕೇಳಿದರು: "ಕಣದ ಹೆಣ್ಣಮಕ್ಕಳಿಗೆ ಏನಾತಂತ ಹೇಳ್ರಿ. ಅವರ ಜೀವದ ಮ್ಯಾಲ ಬಂದಿತ್ತು."

"ನಾ ಹೇಳ್ತೀನ್ರಿ," ಎಂದರು ಸಾಹುಕಾರರು.

ಆಮೇಲೆ ಆಪಾ ಕಣಕ್ಕೆ ಊಟಕ್ಕೆ ಹೋದಾಗ ಹೆಂಗಸರು ಸರಿದು ಕೂತರು. ಹಿರಿಯಾಕೆ ಬುತ್ತಿ ಕಟ್ಟಿಕೊಂಡು ಎದ್ದುಹೋದಳು. ಮರುದಿನವೂ ಹಾಗೇ. ಆಪಾ ಮೇಲೆ ಬಂದು ನನ್ನ ಎದುರು ಡಬ್ಬಿ ಬಿಚ್ಚಿದರು.

"ಸಿಟ್ಟು ಇರಬೇಕಲ್ಲ ಅವರಿಗೆ," ಎಂದರು. "ನಾನ ಬಾಗಿಲ ತಗದಾಕಿ ಅಂತ ಗೊತ್ತಾಗೈತಿ. ಸಿಟ್ಟು ಬರಲಿಲ್ಲಂದ್ರ ಹೆಂಗ?"

"ನೀವ ಅವರನ್ನ ಉಳಿಸಿದ್ರಿ ಆಪಾ."

"ಮೊದಲ ಕೊಲ್ಲಾಕ ಹೊಂಟಾಕಿ ನಾನ ಅಲ್ಲೇನು." ಅಷ್ಟು ಹೇಳಿ, ರೊಟ್ಟಿ ಮುರಿದರು. ಅಲ್ಲಿಂದ ಮುಂದೆ ಅವರು ಕಣಕ್ಕೆ ಊಟಕ್ಕೆ ಇಳಿಯಲೇ ಇಲ್ಲ. ಕಿಟಕಿಯ ಹತ್ತಿರವೂ ಕೂರುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಅವರ ಹೃದಯ ನಿಂತಿತು. ಲಿಂಗಸೂಗೂರಿನಲ್ಲಿ, ತಂಗಿಯ ಮನೆಯಲ್ಲಿ, ಬೆಳಗಿನ ಚಹಾ ಕುಡಿಯುತ್ತ ಕೂತವರು ಹಾಗೇ ಒರಗಿದರಂತೆ. ನಾನು ಹೋಗುವ ಹೊತ್ತಿಗೆ ಮೈ ತೊಳೆಸಿ, ಬಿಳಿ ಬಟ್ಟೆ ಹೊದಿಸಿ, ಒಳಮನೆಯಲ್ಲಿ ಮಲಗಿಸಿದ್ದರು. ಸ್ವಲ್ಪ ಹೊತ್ತಿಗೆ ಮಿಲ್ಲಿನ ಗಾಡಿ ಬಂತು. ಕಣದ ಹೆಂಗಸರು ಇಳಿದರು. ಹಿರಿಯಾಕೆ ಕೊನೆಗೆ ಇಳಿದು, ಒಳಗೆ ಬರದೆ ಹೊಸ್ತಿಲ ಹತ್ತಿರವೇ ನನ್ನ ಪಕ್ಕ ಕೂತಳು.

"ಬರಬಾರದು ಅಂದಿದ್ದೆ," ಎಂದಳು. "ಹೊಡದಾಕಿ ಮನಿಗೆ ಯಾಕ ಹೋಗಲಿ ಅಂತ. ಇಷ್ಟ್ ವರ್ಷ ಕೂಡಿ ಉಂಡು, ಕಣದಾಗ ಎಲ್ಲಾರ ಮುಂದ ಚಪ್ಪಲಿಲೆ ಹೊಡದಳಲ್ಲವ್ವ. ನಾ ಏನ್ ತಪ್ಪು ಮಾಡಿದ್ದೆ?"

ನನಗೆ ಅರ್ಥವಾಗಲಿಲ್ಲ. "ಯಾಕಂತ ಸಾಹುಕಾರರು ಹೇಳಲಿಲ್ಲೇನು?"

"ಏನ್ ಹೇಳ್ತಾರ? ಪಂಪ್ ಕೆಟ್ಟಿತ್ತು, ರಿಪೇರಿ ಆತು ಅಂದ್ರು."

ಅವರಿಗೆ ಯಾರೂ ಏನನ್ನೂ ಹೇಳಿರಲಿಲ್ಲ, ಓಡಿದ ನಾಚಿಕೆಗೆ ಫೈರ್‌ಮನ್ ಕೂಡ. ಹೊಸ್ತಿಲಲ್ಲಿ ಕೂತೇ ನಾನು ಹೇಳಿದೆ. ಸರಪಳಿ, ಸರ್ಟಿಫಿಕೇಟು ಎಂದು ಹೇಳಲಿಲ್ಲ. ಬಾಯ್ಲರಿನಲ್ಲಿ ನೀರಿರಲಿಲ್ಲ, ಗೋಡೆಯ ಈಚೆ ನೀವಿದ್ದಿರಿ, ನಿಮ್ಮನ್ನು ಅಟ್ಟಿದ ಮೇಲೆ ಅವರು ಮತ್ತೆ ಒಳಗೆ ಹೋದರು ಎಂದೆ. ಉಳಿದ ಹೆಂಗಸರೂ ಸುತ್ತ ನಿಂತು ಕೇಳಿದರು. ಒಬ್ಬಳು ಬಾಯಿಗೆ ಸೆರಗು ಹಿಡಿದಳು.

"ಒಳಗ ಹೋದಳಾ?" ಎಂದಳು ಹಿರಿಯಾಕೆ. "ನಾವು ಗೇಟಿನಾಗ ನಿಂತು ಹುಚ್ಚಿ ಅನ್ನಾಕತ್ತಿದ್ವಿ, ಆಗ ಒಳಗ ಹೋದಳಾ?"

"ಹೌದು."

"ಹಂಗಾದ್ರ ನಾ ಮಾತು ಬಿಟ್ಟಾಗ ಆಕಿ ಏನಂದ್ಕೊಂಡಳು?"

ಆಪಾ ಏನಂದುಕೊಂಡಿದ್ದರೆಂದು ನನಗೆ ಗೊತ್ತಿತ್ತು. ಆಕೆ ನನ್ನ ಮುಖ ನೋಡಿದಳು, ಉತ್ತರಕ್ಕೆ ಕಾಯದೆ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಆಪಾರ ತಂಗಿ ತಲೆಯ ಹತ್ತಿರ ಕೂತಿದ್ದಳು. ಯಾರು, ಏನು ಎಂದು ಕೇಳದೆ ಸರಿದು ಜಾಗ ಬಿಟ್ಟಳು. ಹಿರಿಯಾಕೆ ಕೂತು, ಬಿಳಿ ಬಟ್ಟೆಯ ಮೇಲಿಂದಲೇ ಆ ಕಾಲುಗಳನ್ನು ಎರಡೂ ಕೈಯಿಂದ ಹಿಡಿದುಕೊಂಡು, ಬೈಯುವ ದನಿಯಲ್ಲಿ, ಹೊರಗಿದ್ದ ನಮಗೂ ಕೇಳುವಂತೆ ಅಂದಳು:

"ಹೇಳಬೇಕಿತ್ತಲ್ಲ ಆಪಾ. ಒಂದ್ ಮಾತು ಹೇಳಬೇಕಿತ್ತಲ್ಲ."